ಹತ್ತು ಕಿಲೋ ಅಕ್ಕಿಯ ಮಾತು: ಮದ್ದೂರು ತಾಲ್ಲೂಕಿನ ಒಂದು ಪಡಿತರ ಚೀಟಿಯ ಪ್ರಕರಣ ಅಧ್ಯಯನ

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ, ವಿಶ್ವೇಶ್ವರಯ್ಯ ನಾಲೆಯ ನೀರು ಕೊನೆಗೆ ತಲುಪುವ ಕಡೆಯ ಭಾಗದ ಒಂದು ಊರು. ಅಲ್ಲಿನ ಒಂದು ಮನೆಯ ಪಡಿತರ ಚೀಟಿ ಈ ಅಧ್ಯಯನದ ವಸ್ತು. ಆ ಮನೆಯ ಯಜಮಾನಿ ನನಗೆ ತಾಯಿಯ ಕಡೆಯಿಂದ ನೆಂಟರು, ನಾನು ಅವರನ್ನು ಚಿಕ್ಕವ್ವ ಎಂದೇ ಕರೆಯುವುದು. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಚಿಕ್ಕವ್ವ, ಅವರ ಗಂಡ, ಮಗ, ಸೊಸೆ, ಒಬ್ಬ ಮೊಮ್ಮಗ, ಹೀಗೆ ಐದು ಮಂದಿಯ ಮನೆ. ನಾಲೆಯ ಕೆಳಗೆ ಒಂದು ಎಕರೆ ಗದ್ದೆ, ಊರ ಮೇಲಿನ ದಿಣ್ಣೆಯಲ್ಲಿ ಮುಕ್ಕಾಲು ಎಕರೆ ಖುಷ್ಕಿ ಹೊಲ, ಎರಡು ಸೀಮೆಹಸು. ಚೀಟಿ ಆದ್ಯತಾ ಕುಟುಂಬದ್ದು, ಅಂದರೆ ಜನ ಸಾಮಾನ್ಯವಾಗಿ ಬಿಪಿಎಲ್ ಕಾರ್ಡ್ ಎನ್ನುವುದು. ಒಂದು ರಾಜಕೀಯ ಪಕ್ಷ ಚುನಾವಣೆಗೆ ಮುನ್ನ ಜನರ ಮುಂದಿಟ್ಟ ಕಾರ್ಯಸೂಚಿಯ ಒಂದು ಅಂಶ, ಅಧಿಕಾರ ಸಿಕ್ಕ ಮೇಲೆ ಈ ಚೀಟಿಯ ಮೂಲಕ ಈ ಅಡುಗೆಮನೆಗೆ ಯಾವ ರೂಪದಲ್ಲಿ ಬಂತು, ನಡುವೆ ರೂಪ ಬದಲಿಸಿಕೊಂಡದ್ದೇಕೆ, ಬದಲಾದಾಗ ಮನೆಯೊಳಗೆ ಏನಾಯಿತು ಎಂಬುದನ್ನು ಕ್ರಮವಾಗಿ ದಾಖಲಿಸುವುದು ನನ್ನ ಉದ್ದೇಶ.

ಮಾತು ಕೊಟ್ಟ ಬಗೆ

2023ರ ಮೇ 10ರಂದು ನಡೆದ ವಿಧಾನಸಭಾ ಚುನಾವಣೆಗೆ ಕಾಂಗ್ರೆಸ್ ಪಕ್ಷ ಐದು ಗ್ಯಾರಂಟಿಗಳನ್ನು ಮುಂದಿಟ್ಟುಕೊಂಡು ಹೋಯಿತು: ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಉಚಿತ ವಿದ್ಯುತ್, ಗೃಹಲಕ್ಷ್ಮಿಯಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ, ಅನ್ನಭಾಗ್ಯದಲ್ಲಿ ತಲೆಗೆ 10 ಕೆ.ಜಿ. ಅಕ್ಕಿ, ಯುವನಿಧಿಯಲ್ಲಿ ನಿರುದ್ಯೋಗಿ ಪದವೀಧರರಿಗೆ 3,000 ಮತ್ತು ಡಿಪ್ಲೊಮಾ ಆದವರಿಗೆ 1,500 ರೂಪಾಯಿ, ಶಕ್ತಿಯಲ್ಲಿ ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ. ಸಿದ್ದರಾಮಯ್ಯ ಮತ್ತು ಡಿ.ಕೆ. ಶಿವಕುಮಾರ್ ಅವರ ಸಹಿಯಿದ್ದ ಗ್ಯಾರಂಟಿ ಕಾರ್ಡುಗಳನ್ನು ಕಾರ್ಯಕರ್ತರು ಮನೆಮನೆಗೆ ಹಂಚಿದರು. ಚಿಕ್ಕವ್ವನ ಮನೆಯಲ್ಲಿ ಆ ಕಾರ್ಡು ಇಂದಿಗೂ ದೇವರ ಗೂಡಿನ ಪಕ್ಕದ ಮೊಳೆಯಲ್ಲಿ, ಹಾಲಿನ ಡೇರಿಯ ಲೆಕ್ಕದ ಪುಸ್ತಕದ ಹಿಂದೆ ಸಿಕ್ಕಿಸಿಟ್ಟಿದೆ. ಪ್ರಣಾಳಿಕೆಯ ಪುಸ್ತಕವನ್ನು ಯಾರೂ ಎತ್ತಿಡುವುದಿಲ್ಲ, ಸಹಿ ಇರುವ ಚೀಟಿಯನ್ನು ಎತ್ತಿಡುತ್ತಾರೆ. ಹಳ್ಳಿಯಲ್ಲಿ ಸಹಿ ಎಂದರೆ ಪತ್ರ, ಪತ್ರ ಎಂದರೆ ಸಾಲ ಅಥವಾ ಜಮೀನು. ಅದನ್ನು ಹಗುರವಾಗಿ ತೆಗೆದುಕೊಳ್ಳುವ ರೂಢಿ ಇಲ್ಲ.

ಅಡುಗೆಮನೆಯ ಮೇಲೆ ಕಣ್ಣಿಟ್ಟದ್ದು ಒಂದೇ ಪಕ್ಷವಲ್ಲ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಭಾರತೀಯ ಜನತಾ ಪಕ್ಷದ ಪ್ರಣಾಳಿಕೆ ಬಿಪಿಎಲ್ ಕುಟುಂಬಗಳಿಗೆ ದಿನಕ್ಕೆ ಅರ್ಧ ಲೀಟರ್ ನಂದಿನಿ ಹಾಲು, ತಿಂಗಳಿಗೆ 5 ಕೆ.ಜಿ. ಸಿರಿಧಾನ್ಯ ಮತ್ತು ವರ್ಷಕ್ಕೆ ಮೂರು ಅಡುಗೆ ಅನಿಲದ ಸಿಲಿಂಡರ್‌ಗಳ ಭರವಸೆ ಕೊಟ್ಟಿತ್ತು. ಜನತಾ ದಳದ ಪಂಚರತ್ನ ಕಾರ್ಯಕ್ರಮ ಶಿಕ್ಷಣ, ಆರೋಗ್ಯ, ವಸತಿ, ಕೃಷಿ ಹಾಗೂ ಉದ್ಯೋಗದ ಸುತ್ತ ಕಟ್ಟಿದ್ದಾಗಿತ್ತು. ಮೇಲುಕೋಟೆಯಲ್ಲಿ ಗೆದ್ದ ಸರ್ವೋದಯ ಕರ್ನಾಟಕ ಪಕ್ಷ ರೈತ ಚಳವಳಿಯಿಂದ ಬಂದದ್ದು. ಬೆಳೆಗೆ ನ್ಯಾಯವಾದ ಬೆಲೆ ಎಂಬ ಅದರ ಹಳೆಯ ಬೇಡಿಕೆಗೂ ಈ ಪ್ರಕರಣಕ್ಕೂ ಇರುವ ನಂಟು ಮುಂದೆ ಕಾಣುತ್ತದೆ. 2018ರಲ್ಲಿ ಮಂಡ್ಯ ಜಿಲ್ಲೆಯ ಏಳಕ್ಕೆ ಏಳೂ ಕ್ಷೇತ್ರ ಜನತಾ ದಳದ ಪಾಲಾಗಿದ್ದವು. 2023ರಲ್ಲಿ ಕಾಂಗ್ರೆಸ್ ಐದನ್ನು ಗೆದ್ದಿತು, ದಳಕ್ಕೆ ಕೃಷ್ಣರಾಜಪೇಟೆಯೊಂದೇ ಉಳಿಯಿತು. ರಾಜ್ಯದಲ್ಲಿ 135 ಸ್ಥಾನ ಪಡೆದ ಕಾಂಗ್ರೆಸ್ ಮೇ 20ರಂದು ಅಧಿಕಾರ ವಹಿಸಿಕೊಂಡ ದಿನವೇ ಐದೂ ಗ್ಯಾರಂಟಿಗಳಿಗೆ ತಾತ್ವಿಕ ಒಪ್ಪಿಗೆಯ ಆದೇಶ ಹೊರಡಿಸಿತು.

ಐದರಲ್ಲಿ ನಾಲ್ಕನ್ನು ಇಲ್ಲಿ ಹೆಚ್ಚು ಬೆಳೆಸುವುದಿಲ್ಲ. ಶಕ್ತಿ ಜೂನ್ 11ರಂದೇ ಆರಂಭವಾಯಿತು. ಗೃಹಲಕ್ಷ್ಮಿಯನ್ನು ಆಗಸ್ಟ್ 30ರಂದು ಮೈಸೂರಿನ ಮಹಾರಾಜ ಕಾಲೇಜು ಮೈದಾನದಲ್ಲಿ ರಾಹುಲ್ ಗಾಂಧಿ ಉದ್ಘಾಟಿಸಿದರು, ಅಂದು ಊರಿನ ಹೆಂಗಸರ ಜೊತೆ ಚಿಕ್ಕವ್ವನೂ ಬಸ್ಸು ಹತ್ತಿದ್ದರು. ಬಸ್ಸು, ವಿದ್ಯುತ್, ಖಾತೆಗೆ ಹಣ, ಇವು ಮೂರನ್ನೂ ರಾಜ್ಯ ಸರ್ಕಾರ ತನ್ನ ನಿಗಮಗಳಿಂದ, ತನ್ನ ಎಸ್ಕಾಂಗಳಿಂದ, ತನ್ನ ಖಜಾನೆಯಿಂದ ಕೊಡಬಲ್ಲದು. ಅಕ್ಕಿ ಹಾಗಲ್ಲ. ಕೊಡುತ್ತೇನೆಂದ ವಸ್ತುವೇ ಕೊಡುವವರ ಕೈಯಲ್ಲಿ ಇರಲಿಲ್ಲ ಎಂಬುದು ಈ ಪ್ರಕರಣದ ತಿರುಳು.

ಅಕ್ಕಿ ಎಲ್ಲಿಂದ ಬರಬೇಕಿತ್ತು

ಅನ್ನಭಾಗ್ಯ ಹೊಸ ಹೆಸರಲ್ಲ. 2013ರಲ್ಲಿ ಸಿದ್ದರಾಮಯ್ಯ ಮೊದಲ ಸಲ ಮುಖ್ಯಮಂತ್ರಿಯಾದಾಗ ಕೆ.ಜಿ.ಗೆ ಒಂದು ರೂಪಾಯಿಯಂತೆ ಆರಂಭವಾದ ಯೋಜನೆ, 2015ರಲ್ಲಿ ಉಚಿತವಾಗಿ, 2017ರಲ್ಲಿ ತಲೆಗೆ 7 ಕೆ.ಜಿ.ಗೆ ಏರಿ, ಆಮೇಲಿನ ಸರ್ಕಾರದ ಕಾಲದಲ್ಲಿ 5 ಕೆ.ಜಿ.ಗೆ ಇಳಿದಿತ್ತು. ಈ 5 ಕೆ.ಜಿ. ಎಂಬುದು 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಡಿ ಕೇಂದ್ರ ಸರ್ಕಾರ ಕೊಡಲೇಬೇಕಾದ ಪಾಲು. ಕಡುಬಡವರಿಗೆ ಕೊಡುವ ಅಂತ್ಯೋದಯ ಚೀಟಿಗೆ ಮಂದಿ ಎಷ್ಟೇ ಇರಲಿ 35 ಕೆ.ಜಿ. ಗ್ಯಾರಂಟಿ ಹೇಳಿದ 10 ಕೆ.ಜಿ.ಯಲ್ಲಿ ರಾಜ್ಯದ ಹೊಣೆ ಮೇಲಿನ 5 ಕೆ.ಜಿ. ಮಾತ್ರ. ಆದರೆ ಆ ಐದು ಕಿಲೋಗೇ ತಿಂಗಳಿಗೆ ಸುಮಾರು 2.28 ಲಕ್ಷ ಟನ್ ಅಕ್ಕಿ ಬೇಕೆಂದು ಸರ್ಕಾರ ಲೆಕ್ಕ ಹಾಕಿತು.

ಭಾರತ ಆಹಾರ ನಿಗಮದ ಗೋದಾಮುಗಳಲ್ಲಿ ದಾಸ್ತಾನು ಇತ್ತು. ಮುಕ್ತ ಮಾರುಕಟ್ಟೆ ಮಾರಾಟ ಯೋಜನೆಯಡಿ ಕ್ವಿಂಟಾಲ್‌ಗೆ 3,400 ರೂಪಾಯಿಯಂತೆ ರಾಜ್ಯಗಳು ಕೊಳ್ಳುವ ಅವಕಾಶವೂ ಇತ್ತು, ಕರ್ನಾಟಕ ಅದನ್ನೇ ನಂಬಿತ್ತು. 2023ರ ಜೂನ್ ನಡುಭಾಗದಲ್ಲಿ, ನಿಗಮ ಅಕ್ಕಿ ಕೊಡಲು ಒಪ್ಪಿದ ಬೆನ್ನಲ್ಲೇ, ರಾಜ್ಯ ಸರ್ಕಾರಗಳಿಗೆ ಈ ಯೋಜನೆಯಡಿ ಮಾರಾಟ ನಿಲ್ಲಿಸುವಂತೆ ಕೇಂದ್ರ ಸೂಚಿಸಿತು. ಮುಂಗಾರು ಹೇಗಾಗುವುದೋ ತಿಳಿಯದು, ಬೆಲೆ ಏರುತ್ತಿದೆ, ದಾಸ್ತಾನನ್ನು ಇಡೀ ದೇಶದ ಮಾರುಕಟ್ಟೆ ಹತೋಟಿಗೆ ಉಳಿಸಿಕೊಳ್ಳಬೇಕು ಎಂಬುದು ಕೇಂದ್ರದ ಸಮರ್ಥನೆ. ಬಡವರ ಅನ್ನದಲ್ಲಿ ರಾಜಕೀಯ ಎಂಬುದು ರಾಜ್ಯದ ದೂರು. ಬೆಲೆ ಏರುತ್ತಿದ್ದುದು ನಿಜ. ಜುಲೈ 20ರಂದು ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನೇ ಕೇಂದ್ರ ನಿಷೇಧಿಸಿತು. ಅದೇ ಹೊತ್ತಿನಲ್ಲಿ ಅದೇ ದಾಸ್ತಾನನ್ನು ಖಾಸಗಿ ವರ್ತಕರಿಗೆ ಕ್ವಿಂಟಾಲ್‌ಗೆ 3,100 ರೂಪಾಯಿ ಮೂಲಬೆಲೆಯಲ್ಲಿ ಹರಾಜಿಗಿಟ್ಟದ್ದೂ, ಮೊದಲ ಹರಾಜುಗಳಲ್ಲಿ ಅವರು ಕೊಂಡದ್ದು ಅತ್ಯಲ್ಪ ಎಂಬುದೂ ಅಷ್ಟೇ ನಿಜ. ಹೆಚ್ಚಿನ ಬೆಲೆಗೆ ಕೊಳ್ಳಲು ಸಿದ್ಧವಿದ್ದ ರಾಜ್ಯವೊಂದನ್ನು ಬಾಗಿಲಲ್ಲಿ ನಿಲ್ಲಿಸಿ, ಕೊಳ್ಳಲು ಮನಸ್ಸಿಲ್ಲದ ವರ್ತಕರನ್ನು ಕರೆದ ಆ ತೀರ್ಮಾನಕ್ಕೆ ಬೆಲೆ ಹತೋಟಿಯ ಕಾರಣ ಸಾಲದು ಎಂದೇ ನನ್ನ ಅಭಿಪ್ರಾಯ.

ಆದರೆ ಈ ಅಭಿಪ್ರಾಯ ರಾಜ್ಯದ ಪಕ್ಷವನ್ನು ಹೊಣೆಯಿಂದ ಬಿಡಿಸುವುದಿಲ್ಲ. ಬೇರೆಯವರ ಬೀಗದ ಕೈಯಲ್ಲಿರುವ ಉಗ್ರಾಣವನ್ನು ನೆಚ್ಚಿ ಕಿಲೋ ಲೆಕ್ಕದಲ್ಲಿ ಸಹಿ ಹಾಕಿ ಮಾತು ಕೊಟ್ಟದ್ದು ಪಕ್ಷವೇ. ಛತ್ತೀಸ್‌ಗಢ, ತೆಲಂಗಾಣ, ಆಂಧ್ರಪ್ರದೇಶ, ಪಂಜಾಬ್‌ಗಳತ್ತ ಕೈಚಾಚಿದ್ದು ಮಾತು ಕೊಟ್ಟ ಮೇಲೆ. ಸಾಗಣೆ ವೆಚ್ಚ ಸೇರಿದರೆ ಆ ಅಕ್ಕಿ ನಿಗಮದ ದರಕ್ಕಿಂತ ದುಬಾರಿ, ಬೇಕಾದಷ್ಟು ಒಟ್ಟಿಗೆ ಸಿಗುವುದೂ ಕಷ್ಟ.

ಹಾಗಾದರೆ ನಮ್ಮ ಗದ್ದೆಗಳ ಭತ್ತವನ್ನೇ ಕೊಳ್ಳಬಹುದಿತ್ತಲ್ಲ ಎಂದು ಮಂಡ್ಯದಲ್ಲಿ ಕುಳಿತ ಯಾರಿಗಾದರೂ ತೋರುವುದು ಸಹಜ. ಆ ಜೂನ್‌ನಲ್ಲಿ ಚಿಕ್ಕವ್ವನ ಗಂಡ ಕೇಳಿದ ಮೊದಲ ಪ್ರಶ್ನೆ ಅದೇ. ಲೆಕ್ಕ ಹಾಕಿ ನೋಡೋಣ. 2023–24ಕ್ಕೆ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಾಲ್‌ಗೆ 2,183 ರೂಪಾಯಿ. ಸರ್ಕಾರಿ ಖರೀದಿಯ ಅಳತೆಯಂತೆ ಕ್ವಿಂಟಾಲ್ ಭತ್ತಕ್ಕೆ 67 ಕೆ.ಜಿ. ಅಕ್ಕಿ. ಅಲ್ಲಿಗೆ ಭತ್ತದ ಬೆಲೆಯೊಂದೇ ಕೆ.ಜಿ. ಅಕ್ಕಿಗೆ 32 ರೂಪಾಯಿ ದಾಟುತ್ತದೆ. ಮಿಲ್ಲಿನ ಕೂಲಿ, ಗೋಣಿಚೀಲ, ಲಾರಿ ಬಾಡಿಗೆ ಸೇರಿದರೆ 34ರ ಗೆರೆ ಉಳಿಯುವುದಿಲ್ಲ. ತಿಂಗಳಿಗೆ 2.28 ಲಕ್ಷ ಟನ್ ಎಂದರೆ ವರ್ಷಕ್ಕೆ 27 ಲಕ್ಷ ಟನ್‌ಗೂ ಮೀರಿದ ಅಕ್ಕಿ, ಅದಕ್ಕೆ ಸುಮಾರು 40 ಲಕ್ಷ ಟನ್ ಭತ್ತ. ಅದನ್ನು ಕೊಯ್ಲಿನ ಕೆಲವೇ ವಾರಗಳಲ್ಲಿ ಕೊಂಡು, ಒಣಗಿಸಿ, ಮಿಲ್ಲಿಗೆ ಹಾಕಿ, ಗೋದಾಮಿನಲ್ಲಿ ಹುಳು ಹಿಡಿಯದಂತೆ ಕಾಪಾಡುವ ವ್ಯವಸ್ಥೆಯನ್ನು ರಾಜ್ಯ ಎಂದೂ ಕಟ್ಟಿಕೊಂಡಿರಲಿಲ್ಲ. ಜೂನ್ ತಿಂಗಳು ನಾಟಿಗೂ ಮುಂಚಿನ ಕಾಲ, ರೈತರ ಮನೆಯಲ್ಲಿ ಭತ್ತವೂ ಇರುವುದಿಲ್ಲ.

ಮೇಲಾಗಿ ಆ ವರ್ಷ ನಾಲೆಯೇ ಕೈಕೊಟ್ಟಿತು. 2023ರಲ್ಲಿ ಕೃಷ್ಣರಾಜಸಾಗರ 124.80 ಅಡಿಯ ಪೂರ್ಣ ಮಟ್ಟ ಮುಟ್ಟಲೇ ಇಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ತಮಿಳುನಾಡಿಗೆ ನೀರು ಬಿಟ್ಟದ್ದನ್ನು ವಿರೋಧಿಸಿ ಮಂಡ್ಯದಲ್ಲಿ ದಿನನಿತ್ಯ ಧರಣಿ ನಡೆಯುತ್ತಿತ್ತು. ನಾಲೆಯ ತಲೆಯಲ್ಲಿರುವವರಿಗೆ ಸರದಿಯ ಮೇಲೆ ಬಿಡುವ ಕಟ್ಟು ನೀರಾದರೂ ಸಿಕ್ಕಿತು. ಕಡೆಯ ಭಾಗದ ಈ ಊರಿನಲ್ಲಿ ಹಲವರು ನಾಟಿಯನ್ನೇ ಮಾಡಲಿಲ್ಲ. ಚಿಕ್ಕವ್ವನ ಗದ್ದೆ ಬೀಳು ಬಿತ್ತು. ತಮ್ಮ ಅಕ್ಕಿಯನ್ನು ತಾವೇ ಬೆಳೆದುಕೊಳ್ಳುತ್ತಿದ್ದ ಮನೆ ಅಕ್ಕಿಯನ್ನು ಕೊಳ್ಳುವ ಮನೆಯಾದ ವರ್ಷವೂ, 10 ಕೆ.ಜಿ.ಯ ಮಾತು ಜಾರಿಗೆ ಬರಬೇಕಾದ ವರ್ಷವೂ ಒಂದೇ ಆಯಿತು. ಈ ಕೂಡಿಬಂದ ಕಷ್ಟವನ್ನು ಬಿಟ್ಟು ಗ್ಯಾರಂಟಿಯನ್ನು ತೂಗಿದರೆ ತಕ್ಕಡಿ ಸರಿ ನಿಲ್ಲುವುದಿಲ್ಲ.

ಅಕ್ಕಿ ಹಣವಾದಾಗ

ಜೂನ್ 28ರಂದು ಸಚಿವ ಸಂಪುಟ ಒಂದು ತೀರ್ಮಾನಕ್ಕೆ ಬಂತು: ಅಕ್ಕಿ ಸಿಗುವವರೆಗೆ, ಕೆ.ಜಿ.ಗೆ 34 ರೂಪಾಯಿಯಂತೆ 5 ಕೆ.ಜಿ.ಯ ಬಾಬ್ತು ತಲೆಗೆ 170 ರೂಪಾಯಿಯನ್ನು ಚೀಟಿಯ ಮುಖ್ಯಸ್ಥರ ಬ್ಯಾಂಕ್ ಖಾತೆಗೆ ಹಾಕುವುದು. ಜುಲೈ 10ರಂದು ಹಣ ಹಾಕುವುದಕ್ಕೆ ಚಾಲನೆ ದೊರೆಯಿತು. ಆಹಾರ ಭದ್ರತಾ ಕಾಯ್ದೆ ಮನೆಯ ಹಿರಿಯ ಹೆಂಗಸನ್ನೇ ಚೀಟಿಯ ಮುಖ್ಯಸ್ಥೆ ಎನ್ನುವುದರಿಂದ, ಹಣ ಬಹುಪಾಲು ಹೆಂಗಸರ ಖಾತೆಗೇ ಹೋಗಬೇಕಾಯಿತು. ಖಾತೆಗೆ ಆಧಾರ್ ಜೋಡಣೆಯಾಗಿರಬೇಕು, ಚೀಟಿಯಲ್ಲಿ ಮುಖ್ಯಸ್ಥರು ಒಬ್ಬರೇ ಎಂದು ನಮೂದಾಗಿರಬೇಕು, ಹಿಂದಿನ ಮೂರು ತಿಂಗಳು ಪಡಿತರ ಎತ್ತಿರಬೇಕು. ಅಂತ್ಯೋದಯ ಚೀಟಿಗೆ ಲೆಕ್ಕ ಬೇರೆ: ಮೂರು ಮಂದಿಯವರೆಗೆ 35 ಕೆ.ಜಿ.ಯೇ ತಲೆಗೆ ಹತ್ತಕ್ಕಿಂತ ಹೆಚ್ಚಾಗುವುದರಿಂದ ಹಣವಿಲ್ಲ. ನಾಲ್ಕು ಮಂದಿಯಾದರೆ ಕೊರತೆ ಬೀಳುವ 5 ಕೆ.ಜಿ.ಗೆ 170, ಐದಾದರೆ 15 ಕೆ.ಜಿ.ಗೆ 510 ರೂಪಾಯಿ. ಚಿಕ್ಕವ್ವನ ಬೀದಿಯಲ್ಲೇ ಒಂಟಿಯಾಗಿರುವ ವಿಧವೆಯೊಬ್ಬರಿಗೆ ಈ ಲೆಕ್ಕ ಬಹಳ ದಿನ ತಿಳಿಯಲಿಲ್ಲ. ಎಲ್ಲರಿಗೂ ಬಂದ ದುಡ್ಡು ತಮಗೊಬ್ಬರಿಗೇ ಬರಲಿಲ್ಲವೆಂದು ಅವರು ಗ್ರಾಮ ಒನ್ ಕೇಂದ್ರಕ್ಕೆ ಅಲೆದರು. ಅದನ್ನು ಕೂರಿಸಿಕೊಂಡು ಬಿಡಿಸಿ ಹೇಳುವವರು ಸಿಕ್ಕಿದ್ದು ತಡವಾಗಿ.

ಚಿಕ್ಕವ್ವನ ಮನೆಯಲ್ಲಿ ಮೊದಲ ತಿಂಗಳು ಬಂದದ್ದು 850 ಅಲ್ಲ, 680. ಸೊಸೆಯ ಹೆಸರು ಇನ್ನೂ ನಾಗಮಂಗಲ ತಾಲ್ಲೂಕಿನ ತವರಿನ ಚೀಟಿಯಲ್ಲೇ ಇತ್ತು, ಅವಳ ಪಾಲಿನ 170 ಅವಳ ತಾಯಿಯ ಖಾತೆಗೆ ಹೋಗುತ್ತಿತ್ತು. ಮದುವೆಯಾಗಿ ನಾಲ್ಕು ವರ್ಷವಾದರೂ ಆ ಹೆಸರನ್ನು ತೆಗೆಸಿ ಸೇರಿಸುವ ಗೋಜಿಗೆ ಯಾರೂ ಹೋಗಿರಲಿಲ್ಲ. ತಿದ್ದುಪಡಿಗೆ ಅವಕಾಶ ಸಿಗುವ ದಿನಗಳೂ ಕಡಿಮೆ, ಸಿಕ್ಕ ದಿನ ಸರ್ವರ್ ನಿಧಾನ. ಚೀಟಿಯ ಒಂದೊಂದು ಹೆಸರಿಗೂ ತಿಂಗಳಿಗೆ ಇಷ್ಟು ಎಂದು ಬೆಲೆ ಕಟ್ಟಿದ ಮೇಲೆ, ಹೆಸರು ಎಲ್ಲಿರಬೇಕು ಎಂಬುದು ಎರಡು ಮನೆಗಳ ನಡುವಿನ ಮಾತಾಯಿತು. ಜಗಳವೇನೂ ಆಗಲಿಲ್ಲ. ತವರಿನವರು ಬಡವರು, ಇರಲಿ ಬಿಡು ಎಂದು ಚಿಕ್ಕವ್ವನೇ ಒಂದು ವರ್ಷ ತಳ್ಳಿದರು; ಎರಡನೆಯ ವರ್ಷ ಹೆಸರು ಇಲ್ಲಿಗೆ ಬಂತು, ಹಣ 850 ಆಯಿತು. ಇಂಥ ಸಣ್ಣ ಔದಾರ್ಯಗಳು ಯಾವ ಇಲಾಖೆಯ ಪ್ರಗತಿ ವರದಿಗೂ ಸೇರುವುದಿಲ್ಲ, ಆದರೆ ಯೋಜನೆಯೊಂದು ಊರಿನಲ್ಲಿ ನಿಲ್ಲುವುದು ಇವುಗಳ ಮೇಲೆಯೇ.

850 ರೂಪಾಯಿಗೆ ಎಷ್ಟು ಅಕ್ಕಿ? ಮಾತು ಕೊಟ್ಟದ್ದು ಐದು ಮಂದಿಗೆ ಹೆಚ್ಚುವರಿಯಾಗಿ 25 ಕೆ.ಜಿ. ಆ ಕಾಲದಲ್ಲಿ ಮದ್ದೂರಿನ ಅಂಗಡಿಯಲ್ಲಿ ಮನೆಯವರು ಉಣ್ಣುವಂಥ ಸೋನಾ ಮಸೂರಿ ಕೆ.ಜಿ.ಗೆ 50 ರೂಪಾಯಿ ದಾಟಿತ್ತು. 50 ಎಂದೇ ಹಿಡಿದರೂ 17 ಕೆ.ಜಿ. ಅಂದರೆ ಕಾಗದದ ಮೇಲೆ 25 ಇದ್ದದ್ದು ಒಲೆಯ ಮೇಲೆ 17 ಆಯಿತು. 34 ರೂಪಾಯಿ ಎಂಬುದು ಸರ್ಕಾರ ಸರ್ಕಾರಕ್ಕೆ ಮಾರುವ ದರ; ಆ ದರಕ್ಕೆ ಚಿಕ್ಕವ್ವನಿಗೆ ಅಕ್ಕಿ ಕೊಡುವ ಅಂಗಡಿ ಯಾವ ಊರಿನಲ್ಲೂ ಇರಲಿಲ್ಲ. 2024ರ ಫೆಬ್ರವರಿಯಲ್ಲಿ ಕೇಂದ್ರವೇ ಭಾರತ್ ಅಕ್ಕಿ ಎಂದು ಕೆ.ಜಿ.ಗೆ 29 ರೂಪಾಯಿಯಂತೆ ಮಾರಾಟಕ್ಕಿಟ್ಟಿತು, ಆದರೆ ಅದರ ವಾಹನಗಳು ಕಂಡದ್ದು ಪಟ್ಟಣಗಳಲ್ಲಿ.

ಇಷ್ಟಕ್ಕೇ ನಿಲ್ಲಿಸಿ ಹಣದ ರೂಪ ಸೋತಿತು ಎಂದು ಬರೆಯುವುದು ಸುಲಭ. ಮನೆಯ ಒಳಗೆ ನೋಡಿದರೆ ಹಾಗೆ ಬರೆಯಲಾಗುವುದಿಲ್ಲ. ಆ ಹಣದಲ್ಲಿ ಚಿಕ್ಕವ್ವ ಪೂರ್ತಿ ಅಕ್ಕಿ ತರಲಿಲ್ಲ. ಸೊಸೈಟಿಯ 5 ಕೆ.ಜಿ.ಯ ಪಾಲಿನಲ್ಲಿ ರಾಗಿಯೂ ಸೇರಿರುತ್ತದೆ, ಹೊಲದ ರಾಗಿಯೂ ವಾಡೆಯಲ್ಲಿ ಒಂದಿಷ್ಟು ಇತ್ತು. ಮಂಡ್ಯದ ಹಳ್ಳಿಯ ಮನೆ ರಾತ್ರಿ ಉಣ್ಣುವುದು ಮುದ್ದೆ. ಅನ್ನ ಮುದ್ದೆಯ ಮೇಲಿನ ಒಂದೆರಡು ತುತ್ತು. ಅವರಿಗೆ ಕೊರತೆಯಾಗಿದ್ದುದು ಧಾನ್ಯಕ್ಕಿಂತ ಹೆಚ್ಚಾಗಿ ಸಾರಿನ ಬಾಬ್ತು. ಆ ವರ್ಷ ತೊಗರಿಬೇಳೆ ಮುಟ್ಟುವ ಹಾಗಿರಲಿಲ್ಲ. 680ರಲ್ಲಿ ಎರಡು ಕಿಲೋ ಬೇಳೆ, ಒಂದು ಪ್ಯಾಕೆಟ್ ಎಣ್ಣೆ, ಮೊಮ್ಮಗನಿಗೆ ಮೊಟ್ಟೆ, ಮಿಕ್ಕಿದ್ದರೆ ಅಕ್ಕಿ. ಇದು ಅವರ ಕ್ರಮ. ಅಕ್ಕಿಯ ಹೆಸರಿನಲ್ಲಿ ಬಂದ ಹಣ ಬೇಳೆಯಾದದ್ದನ್ನು ದುರ್ಬಳಕೆ ಎನ್ನುವವರನ್ನು ನಾನು ಕೇಳಿದ್ದೇನೆ. ಒಪ್ಪಲಾರೆ. ಮೂವತ್ತು ವರ್ಷ ಮನೆಗೆ ಉಣ್ಣಲಿಕ್ಕಿದ ಹೆಂಗಸಿಗೆ ತನ್ನ ಪಾತ್ರೆಯಲ್ಲಿ ಏನು ಕಡಿಮೆಯಿದೆ ಎಂಬುದು ವಿಧಾನಸೌಧಕ್ಕಿಂತ ಚೆನ್ನಾಗಿ ಗೊತ್ತು.

ಹಾಗೆಂದು ಹಣದ ತೊಡಕುಗಳನ್ನೂ ಮುಚ್ಚಿಡಬಾರದು. ಹಣ ಪ್ರತಿ ತಿಂಗಳೂ ಒಂದೇ ದಿನ ಬರಲಿಲ್ಲ, ಕೆಲವು ಸಲ ತಿಂಗಳುಗಳೇ ತಡವಾಯಿತು. ಗೃಹಲಕ್ಷ್ಮಿಯ 2,000 ಸಹ ಅದೇ ಖಾತೆಗೆ ಬರುತ್ತಿದ್ದುದರಿಂದ, ಯಾವುದು ಯಾವ ತಿಂಗಳ ಯಾವ ಯೋಜನೆಯ ಹಣ ಎಂದು ತಿಳಿಯಲು ಮಗ ಮೊಬೈಲಿನಲ್ಲಿ ಸಂದೇಶ ಓದಿ ಹೇಳಬೇಕಾಗಿತ್ತು. ಸೊಸೈಟಿಯಲ್ಲಿ ಅಕ್ಕಿ ಬಾರದಿದ್ದರೆ ಇಡೀ ಸಾಲು ಕೇಳುತ್ತದೆ, ತೂಕದಲ್ಲಿ ಕಡಿಮೆಯಾದರೆ ಜಗಳವಾಡುತ್ತದೆ. ಖಾತೆಗೆ ಹಣ ಬಾರದಿದ್ದರೆ ಒಬ್ಬೊಬ್ಬರೂ ತಮ್ಮ ತಮ್ಮ ಮನೆಯಲ್ಲಿ ಕಾಯುತ್ತಾರೆ. ಎಲ್ಲರೂ ಕೂಡಿ ಕೇಳುವ ಜಾಗವೊಂದು ಆ ತಿಂಗಳುಗಳಲ್ಲಿ ಕಳೆದುಹೋಯಿತು, ಇದನ್ನು ನಾನು ಸಣ್ಣ ನಷ್ಟವೆಂದು ಎಣಿಸುವುದಿಲ್ಲ. ನ್ಯಾಯಬೆಲೆ ಅಂಗಡಿ ನಡೆಸುವವರಿಗೂ ಅಡಚಣೆಯಾಯಿತು. ಅವರ ಕಮಿಷನ್ ಹಂಚಿದ ಕ್ವಿಂಟಾಲ್ ಲೆಕ್ಕದ್ದು, ಹಣಕ್ಕೆ ಕಮಿಷನ್ ಇಲ್ಲ.

ಹಣ ಮತ್ತೆ ಅಕ್ಕಿಯಾದಾಗ

ಕೇಂದ್ರ 2024ರ ಆಗಸ್ಟ್‌ನಿಂದ ರಾಜ್ಯಗಳಿಗೆ ಮತ್ತೆ ಅಕ್ಕಿ ಮಾರಲು ಒಪ್ಪಿತು, ದರ ಕೆ.ಜಿ.ಗೆ 28 ರೂಪಾಯಿ. 2025ರ ಜನವರಿಯಲ್ಲಿ ಅದನ್ನು 22.50ಕ್ಕೆ ಇಳಿಸಿತು, ಗೋದಾಮುಗಳಲ್ಲಿ ದಾಸ್ತಾನು ತುಂಬಿ, ಹೊಸ ಅಕ್ಕಿಗೆ ಜಾಗ ಮಾಡಬೇಕಾದ ಕಾಲ ಅದು. ರಾಜ್ಯಕ್ಕೂ ಲಾಭವೇ: ತಲೆಗೆ 170 ಕೊಡುವ ಬದಲು 5 ಕೆ.ಜಿ. ಅಕ್ಕಿಗೆ 112.50 ಸಾಕು. 2025ರ ಫೆಬ್ರವರಿಯಿಂದ ಹಣದ ಬದಲು ಅಕ್ಕಿ ಎಂದು ಸರ್ಕಾರ ತೀರ್ಮಾನಿಸಿತು. 2023ರಲ್ಲಿ ಕೊಡಲಾಗದು ಎಂದ ವಸ್ತುವನ್ನು ಎರಡು ವರ್ಷ ತುಂಬುವ ಮೊದಲೇ ಮೂರನೇ ಒಂದು ಪಾಲು ಕಡಿಮೆ ಬೆಲೆಗೆ ಕೊಳ್ಳಿರೆಂದು ಕರೆದ ಈ ತಿರುವು, ನಡುವೆ ಬರದಲ್ಲಿ ಬೆಂದ ಮನೆಗಳ ಕಣ್ಣಿನಲ್ಲಿ ಎಷ್ಟು ಕಹಿಯೆಂಬುದನ್ನು ಎರಡೂ ಸರ್ಕಾರಗಳು ತಿಳಿಯಬೇಕು.

ಫೆಬ್ರವರಿಯ ಬಾಕಿ 5 ಕೆ.ಜಿ.ಯೂ ಸೇರಿ ಮಾರ್ಚ್‌ನಲ್ಲಿ ತಲೆಗೆ 15 ಕೆ.ಜಿ. ಧಾನ್ಯ ಎಂದಾಯಿತು. ಐದು ಮಂದಿಯ ಚೀಟಿಗೆ 75 ಕೆ.ಜಿ. ಅದನ್ನು ಮಗ ಮೊಪೆಡ್‌ನಲ್ಲಿ ಎರಡು ಸಲ ಓಡಾಡಿ ತಂದ. ಆ ಹೊತ್ತಿಗೆ ಮನೆಯ ಪರಿಸ್ಥಿತಿಯೂ ಬದಲಾಗಿತ್ತು: 2024ರಲ್ಲಿ ಕೃಷ್ಣರಾಜಸಾಗರ ತುಂಬಿ ನಾಲೆಗೆ ನೀರು ಬಂದು, ಗದ್ದೆಯಲ್ಲಿ ಭತ್ತ ಆಗಿ, ಮನೆಯದೇ ಅಕ್ಕಿ ಮೂಟೆಗಳಲ್ಲಿ ಕೂತಿತ್ತು. ಹಸಿದಿದ್ದಾಗ ಹಣ, ತುಂಬಿದ್ದಾಗ ಅಕ್ಕಿ. ನಾನು ಹೋದಾಗ ಚಿಕ್ಕವ್ವ ಮೂಟೆಗಳನ್ನು ತೋರಿಸಿ, ಇಷ್ಟನ್ನೂ ಏನ್ ಮಾಡ್ಲಿ ಹೇಳು ಮಗ, ಎಂದು ಕೇಳಿದರು. ಒಂದು ಪಾಲು ನೆಂಟರ ಮನೆಯ ನಾಮಕರಣಕ್ಕೆ ಹೋಯಿತು, ಒಂದು ಪಾಲನ್ನು ದೋಸೆಗೆ, ರೊಟ್ಟಿಗೆ ಹಿಟ್ಟು ಮಾಡಿಸಿದರು. ಊರಿನ ಕೆಲವರು ಬೈಕಿನಲ್ಲಿ ಬರುವ ವ್ಯಾಪಾರಿಗಳಿಗೆ ಕೊಟ್ಟು ಬಿಡಿಗಾಸು ಪಡೆದರು. ಪಡಿತರ ಅಕ್ಕಿ ಮಾರುವುದು ಅಪರಾಧ. ಅದನ್ನು ಸಮರ್ಥಿಸುವ ಇಚ್ಛೆ ನನಗಿಲ್ಲ. ಆದರೆ ರಾಗಿ ಉಣ್ಣುವ ಸೀಮೆಗೆ ತಲೆಗೆ 10 ಕೆ.ಜಿ. ಲೆಕ್ಕದಲ್ಲಿ ಧಾನ್ಯ ಬಂದು ಬೇಳೆ ಬಾರದಿದ್ದರೆ, ಹೆಚ್ಚಾದ ಅಕ್ಕಿ ಬೇಳೆಯ ದಾರಿ ಹುಡುಕಿಕೊಂಡೇ ಹೋಗುತ್ತದೆ. ಹಣವಿದ್ದಾಗ ಚಿಕ್ಕವ್ವ ಕಾನೂನು ಮೀರದೆ ಮಾಡುತ್ತಿದ್ದ ಬದಲಾವಣೆಯನ್ನೇ ಈಗ ಇತರರು ಕಾನೂನು ಮೀರಿ ಅರ್ಧಕ್ಕೂ ಕಡಿಮೆ ಬೆಲೆಗೆ ಮಾಡಿಕೊಂಡರು.

ಇಲ್ಲಿಯೇ ನನ್ನ ಮುಖ್ಯ ಮಾತು ಇದೆ. ಬಡವರ ಅಡುಗೆಮನೆಯನ್ನು ರಾಜ್ಯದ ಆಯವ್ಯಯದ ನಡುಮನೆಗೆ ತಂದದ್ದು ಈ ಕಾರ್ಯಸೂಚಿಯ ದೊಡ್ಡ ಸಾಧನೆ. 2024–25ರಲ್ಲಿ ಸುಮಾರು 3.71 ಲಕ್ಷ ಕೋಟಿ ರೂಪಾಯಿಯ ಆಯವ್ಯಯದಲ್ಲಿ 52 ಸಾವಿರ ಕೋಟಿಯನ್ನು ಗ್ಯಾರಂಟಿಗಳಿಗೆ ಇಟ್ಟದ್ದನ್ನು ಬಿಟ್ಟಿ ಎಂಬ ಪದದಿಂದ ಹೀಗಳೆಯುವವರು, ಬರದ ವರ್ಷದಲ್ಲಿ ಆ 680 ರೂಪಾಯಿ ಯಾವ ಸಾಲವನ್ನು ತಪ್ಪಿಸಿತು ಎಂಬುದನ್ನು ಕಣ್ಣಾರೆ ನೋಡಿಲ್ಲ. ಆದರೆ ಮಾತನ್ನು ಅಕ್ಕಿಯಲ್ಲೇ, ಅದೂ ರಾಜ್ಯದುದ್ದಕ್ಕೂ ಒಂದೇ ಅಳತೆಯಲ್ಲಿ ಅಳೆದದ್ದು ತಪ್ಪಾಯಿತು. ರಾಜ್ಯ ತಾನೇ ಕೊಳ್ಳಬಲ್ಲ ಧಾನ್ಯವೊಂದು ಕಣ್ಣೆದುರಿಗೇ ಇತ್ತು. ನಾಗಮಂಗಲ, ಕೃಷ್ಣರಾಜಪೇಟೆಯ ಖುಷ್ಕಿಯಲ್ಲಿ, ಹಾಸನ, ತುಮಕೂರು, ಮೈಸೂರಿನ ಹೊಲಗಳಲ್ಲಿ ಬೆಳೆಯುವ ರಾಗಿಯನ್ನು ಬೆಂಬಲ ಬೆಲೆಗೆ ಕೊಂಡು ಪಡಿತರಕ್ಕೆ ಕೊಡುವ ವ್ಯವಸ್ಥೆ ಮೊದಲೇ ನಡೆಯುತ್ತಿದೆ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ಭಾರತದ ರಾಗಿಗೆ ಆಫ್ರಿಕದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟ ವಿಜ್ಞಾನಿ ಲಕ್ಷ್ಮಣಯ್ಯನವರ ಜಿಲ್ಲೆ ಇದು. ನೂರು ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಸುಣ್ಣದ ಅಂಶವಿದ್ದರೆ ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು ಹತ್ತರ ಆಸುಪಾಸು.

ಇದಕ್ಕೆ ಆಕ್ಷೇಪಣೆ ಇದೆ. ರಾಗಿಯ ಬೆಂಬಲ ಬೆಲೆ 2023–24ರಲ್ಲಿಯೇ ಕ್ವಿಂಟಾಲ್‌ಗೆ 3,846 ಇತ್ತು, 2025–26ಕ್ಕೆ 4,886 ಆಯಿತು. 22.50ರ ಅಕ್ಕಿಯ ಮುಂದೆ ಕೆ.ಜಿ.ಗೆ 48 ರೂಪಾಯಿ ದಾಟಿದ ರಾಗಿ ದುಬಾರಿ ಎಂದು ಹಣಕಾಸು ಇಲಾಖೆ ಹೇಳೀತು. ಹೇಳಲಿ. 22.50 ಎಂಬುದು ಗೋದಾಮು ತುಂಬಿದ ವರ್ಷದ ದರ, 2023ರಲ್ಲಿ ಅದೇ ಅಕ್ಕಿ 34ಕ್ಕೂ ಸಿಗಲಿಲ್ಲ. ರಾಗಿಗೆ ಕೊಟ್ಟ 48 ರೂಪಾಯಿ ಚಿಕ್ಕವ್ವನಂಥವರ ದಿಣ್ಣೆಯ ಹೊಲಕ್ಕೇ ಮರಳಿ ಬರುತ್ತದೆ. ಅಕ್ಕಿಗೆ ಕೊಟ್ಟ ಹಣ ಹಾಗೆ ಬರುವುದಿಲ್ಲ. ಬೆಳೆಗೆ ಬೆಲೆ ಎಂಬ ರೈತ ಚಳವಳಿಯ ಬೇಡಿಕೆಯೂ ಬಡವರಿಗೆ ಅನ್ನ ಎಂಬ ಗ್ಯಾರಂಟಿಯೂ ಒಂದೇ ಚೀಲದಲ್ಲಿ ತುಂಬಬಹುದಾಗಿತ್ತು. ಪ್ರತಿ ರೈತನಿಂದ ಕೊಳ್ಳುವ ರಾಗಿಯ ಪ್ರಮಾಣಕ್ಕೆ ಮಿತಿ ಇಡುವುದನ್ನೂ, ಖರೀದಿ ಕೇಂದ್ರದ ಮುಂದೆ ಟ್ರ್ಯಾಕ್ಟರುಗಳನ್ನು ದಿನಗಟ್ಟಲೆ ನಿಲ್ಲಿಸುವುದನ್ನೂ ತಪ್ಪಿಸಿದ್ದರೆ, 5 ಕೆ.ಜಿ.ಯಲ್ಲಿ ಎರಡು ಕೆ.ಜಿ.ಯನ್ನಾದರೂ ದಕ್ಷಿಣದಲ್ಲಿ ರಾಗಿ, ಉತ್ತರದಲ್ಲಿ ಜೋಳ ಎಂದು ರಾಜ್ಯ ತನ್ನದೇ ಬಲದ ಮೇಲೆ ಕೊಡುವತ್ತ ಹೆಜ್ಜೆ ಇಡಬಹುದಿತ್ತು.

2025ರ ಅಕ್ಟೋಬರ್‌ನಲ್ಲಿ ಸಚಿವ ಸಂಪುಟ ಹೆಚ್ಚುವರಿ 5 ಕೆ.ಜಿ. ಅಕ್ಕಿಯ ಬದಲು ಇಂದಿರಾ ಆಹಾರ ಕಿಟ್ ಕೊಡಲು ಒಪ್ಪಿಗೆ ನೀಡಿತು. ತೊಗರಿಬೇಳೆ, ಅಡುಗೆ ಎಣ್ಣೆ, ಸಕ್ಕರೆ, ಉಪ್ಪು ಅದರ ಪಟ್ಟಿಯಲ್ಲಿವೆ. ಅಕ್ಕಿಯ ದುರುಪಯೋಗ ತಡೆಯುವುದು ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು. ಚಿಕ್ಕವ್ವ 680 ರೂಪಾಯಿಯಲ್ಲಿ ತಾವಾಗಿಯೇ ಬರೆದುಕೊಂಡಿದ್ದ ಪಟ್ಟಿಗೆ ಸರ್ಕಾರ ಬಂದು ಸೇರಿದ್ದು ಹೀಗೆ, ಎರಡು ವರ್ಷದ ಮೇಲೆ. ಬೇಳೆಯ ವಿಷಯದಲ್ಲಿ ರಾಜ್ಯಕ್ಕೆ ಅಕ್ಕಿಯಲ್ಲಿ ಇಲ್ಲದ ಅನುಕೂಲವೂ ಇದೆ, ತೊಗರಿ ಕಲಬುರಗಿಯ ಬೆಳೆ. ಅದನ್ನು ಅಲ್ಲಿನ ರೈತರಿಂದ ನೇರವಾಗಿ ಕೊಳ್ಳುತ್ತಾರೋ ಟೆಂಡರ್ ಕರೆದು ವರ್ತಕರಿಂದ ಪ್ಯಾಕೆಟ್ ತರಿಸುತ್ತಾರೋ ಎಂಬುದರ ಮೇಲೆ, 2023ರ ಜೂನ್‌ನ ಪಾಠವನ್ನು ಇಲಾಖೆ ಎಷ್ಟು ಕಲಿತಿದೆ ಎಂಬುದು ಗೊತ್ತಾಗುತ್ತದೆ. ಕಿಟ್‌ನ ಪಟ್ಟಿಯಲ್ಲಿ ರಾಗಿ ಇಲ್ಲ. ಚಿಕ್ಕವ್ವನ ಮನೆಯವರು ಈ ಸಲ ದಿಣ್ಣೆಯ ಮುಕ್ಕಾಲು ಎಕರೆಯಲ್ಲಿ ಮತ್ತೆ ರಾಗಿಯನ್ನೇ ಚೆಲ್ಲಿದ್ದಾರೆ, ಮನೆಗೆ ಇಟ್ಟುಕೊಂಡು ಮಿಕ್ಕಿದ್ದನ್ನು ಖರೀದಿ ಕೇಂದ್ರಕ್ಕೆ ಹಾಕಲು ಮಗ ಹೆಸರು ನೋಂದಾಯಿಸಿಕೊಳ್ಳಬೇಕೆಂದಿದ್ದಾನೆ.